ಗಾಡಿ ಕೆಟ್ಟರೇನೇ ಕಥೆ

ನಮ್ಮ ಮಾವನವರಿಗೆ ಎಪ್ಪತ್ನಾಲ್ಕು ವರ್ಷ. ಅರಸೀಕೆರೆ, ತಿಪಟೂರು, ತುಮಕೂರು, ಮಗಳ ಮನೆಯಿರುವ ಬೆಂಗಳೂರು, ಹೀಗೆ ಒಂದೇ ರೈಲು ಹಳಿಯ ಮೇಲಿರುವ ನಾಲ್ಕು ಊರುಗಳೊಳಗೆ ಅವರ ಭೂಗೋಳ ಬಹುಮಟ್ಟಿಗೆ ಮುಗಿಯುತ್ತದೆ. ಆದರೂ ಅವರು ಸ್ಪೇನ್ ದೇಶದ ರಸ್ತೆಗಳ ಬಗ್ಗೆ ಮಾತಾಡುವುದನ್ನು ಕೇಳಿದರೆ, ಅಲ್ಲಿಯ ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಸರ್ವೀಸು ಮುಗಿಸಿ ಬಂದವರು ಅನ್ನಿಸಬೇಕು. ‘ಜಿಂದಗಿ ನಾ ಮಿಲೇಗಿ ದೊಬಾರಾ’ (2011) ನೋಡಿದ ಮೇಲೆ ಒಂದು ವಾರ ಅವರಿಗೆ ನಮ್ಮ ಬಡಾವಣೆಯ ಗುಂಡಿಗಳು ಕಣ್ಣಿಗೆ ಚುಚ್ಚುತ್ತಿದ್ದವು.

ಎಲ್ಲ ಸೋಫಾದ ಕೃಪೆ. ನಮ್ಮ ಮನೆಗೆ ಬಂದಾಗಲೆಲ್ಲ ಸೋಫಾದಲ್ಲಿ ಕಿಟಕಿ ಪಕ್ಕದ ಜಾಗ ಅವರದ್ದು. ಸ್ನಾನಕ್ಕೆ ಹೋಗುವಾಗ ಅಲ್ಲಿ ಟವೆಲ್ಲು ಹಾಕಿ ಹೋಗುತ್ತಾರೆ. ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಕಲಿತ ವಿದ್ಯೆ, ಮಗಳ ಮನೆಯಲ್ಲೂ ಬಿಟ್ಟಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ “ಎಲ್ಲಿಗಾದರೂ ಹೋಗೋಣ” ಎಂಬ ಮಾತು ನಮ್ಮ ಮನೆಯಲ್ಲಿ ತಪ್ಪದೆ ಹುಟ್ಟುತ್ತದೆ. ಹತ್ತೂವರೆಗೆ ಅದು ನಂದಿಬೆಟ್ಟ. ಹನ್ನೊಂದಕ್ಕೆ, ಈ ಟ್ರಾಫಿಕ್ಕಿನಲ್ಲಿ ಯಾರು ಹೋಗುತ್ತಾರೆ, ಲಾಲ್‌ಬಾಗ್ ಸಾಕು. ಹನ್ನೆರಡಕ್ಕೆ ಬಿಸಿಲು. ಒಂದಕ್ಕೆ ಹುಳಿ, ಪಲ್ಯ, ಹಪ್ಪಳ. ಎರಡಕ್ಕೆ ಗೊರಕೆ. ನಾಲ್ಕಕ್ಕೆ ಕಾಫಿ ಲೋಟ ಹಿಡಿದು ಎಲ್ಲರೂ ಟೀವಿ ಮುಂದೆ ಕೂತು ಯಾರೋ ಎಲ್ಲಿಗೋ ಹೋಗುವ ಸಿನಿಮಾ ಹಾಕುತ್ತೇವೆ. “ಪೆಟ್ರೋಲು ಅವರದ್ದು, ನೋಟ ನಮ್ಮದು” ಎಂದು ಮಾವನವರು ಕಾಲು ನೀಡುತ್ತಾರೆ.

ಇದು ನಮ್ಮ ಮನೆಯ ಸೋಮಾರಿತನ ಮಾತ್ರ ಎಂದು ಬಹಳ ದಿನ ನಾಚಿಕೊಂಡಿದ್ದೆ. ಆಮೇಲೆ ತಿಳಿಯಿತು, ಸಿನಿಮಾ ಹುಟ್ಟಿದ್ದೇ ನಮ್ಮಂಥವರಿಗಾಗಿ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲ್ಯೂಮಿಯೇರ್ ಸಹೋದರರ ಚಿತ್ರಗಳನ್ನು ತೋರಿಸಿದರಲ್ಲ, ಅದರಲ್ಲಿ ಸ್ಟೇಷನ್ನಿಗೆ ರೈಲು ಬರುವ ಚಿತ್ರವೂ ಒಂದು. ರೈಲನ್ನು ನೋಡಬೇಕೆಂದರೆ ನೇರ ಸ್ಟೇಷನ್ನಿಗೇ ಹೋಗಬಹುದಾಗಿದ್ದ ಮುಂಬಯಿಯ ಜನ ಹೋಟೆಲಿನಲ್ಲಿ ಕತ್ತಲು ಮಾಡಿಕೊಂಡು, ದುಡ್ಡು ಕೊಟ್ಟು, ಪರದೆಯ ಮೇಲಿನ ರೈಲು ನೋಡಿದರು. ಇನ್ನು ಅಮೆರಿಕದಲ್ಲಿ ಜಾರ್ಜ್ ಹೇಲ್ ಎಂಬ ಅಗ್ನಿಶಾಮಕ ದಳದ ಮಾಜಿ ಮುಖ್ಯಸ್ಥ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ರೈಲು ಬೋಗಿಯಂತೆಯೇ ಒಂದು ಥಿಯೇಟರು ಕಟ್ಟಿದ. ಜನ ಟಿಕೆಟ್ಟು ಕೊಟ್ಟು ಒಳಗೆ ಕೂರಬೇಕು. ಎದುರಿನ ಪರದೆಯ ಮೇಲೆ ಹಳಿ, ಬೆಟ್ಟ, ಸುರಂಗ ಓಡುತ್ತವೆ, ಬೋಗಿ ಗಡಗಡ ಅಲುಗಾಡುತ್ತದೆ, ಸೀಟಿ ಊದುತ್ತದೆ. ಗಾಡಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. 1904ರ ಸೇಂಟ್ ಲೂಯಿ ಮೇಳದಲ್ಲಿ ಈ ‘ಹೇಲ್ಸ್ ಟೂರ್ಸ್’ ಬಂದದ್ದೇ ತಡ, ಊರೂರಿಗೆ ಹಬ್ಬಿತು. ಈ ವಿಷಯ ಹೇಳಿದಾಗ ಮಾವನವರು ಮೆಚ್ಚಿ ತಲೆದೂಗಿದರು. “ಬೆಂಕಿ ಆರಿಸೋನಿಗೆ ಗೊತ್ತಿರುತ್ತೆ ಅಳಿಯಂದ್ರೇ, ಜನಕ್ಕೆ ಹೋಗಬೇಕು ಅನ್ನೋ ಉರಿ ಎಷ್ಟಿರುತ್ತೆ ಅಂತ.”

ಕೂತವರು ನಾವು ಮಾತ್ರ ಅಂದುಕೊಳ್ಳಬೇಡಿ. ತೆರೆಯ ಮೇಲಿನವರೂ ಎಷ್ಟೋ ಸಲ ಕೂತಲ್ಲೇ ಕೂತಿರುತ್ತಾರೆ. ಹಳೆಯ ಚಿತ್ರಗಳಲ್ಲಿ ಹೀರೋ ಕಾರು ಓಡಿಸುವುದನ್ನು ನೆನಪಿಸಿಕೊಳ್ಳಿ. ರಸ್ತೆ ಗೆರೆ ಎಳೆದಂತೆ ನೇರವಾಗಿದ್ದರೂ ಆತ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಮೊಸರು ಕಡೆದಂತೆ ಕಡೆಯುತ್ತಿರುತ್ತಾನೆ. ಕಾರು ಸ್ಟುಡಿಯೋದಲ್ಲಿ, ಹಿಂದಿನ ಪರದೆಯ ಮೇಲೆ ರಸ್ತೆ, ಬಂಪರಿನ ಹತ್ತಿರ ಬಗ್ಗಿ ಕೂತು ಕಾರನ್ನು ಅಲ್ಲಾಡಿಸುವ ಇಬ್ಬರು ಹುಡುಗರು. ಸತ್ಯಜಿತ್ ರಾಯ್ ಅವರ ‘ನಾಯಕ್’ (1966) ನೋಡಿದರೆ ಕಲ್ಕತ್ತಾದಿಂದ ದೆಹಲಿಗೆ ಹೋಗುವ ರೈಲಿನಲ್ಲಿ ನಾವೇ ಕೂತಂತೆ ಅನ್ನಿಸುತ್ತದೆ. ಆ ಬೋಗಿ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್ಟು!

ಇಷ್ಟಾದರೂ ಆ ಪ್ರಯಾಣದಲ್ಲಿ ಏನೋ ಸೆಳೆತ ಇದೆ. ಮೊದಮೊದಲು ನಾನು ಅಂದುಕೊಂಡದ್ದು, ಪ್ರಯಾಣದ ರಗಳೆಗಳನ್ನೆಲ್ಲ ಕತ್ತರಿಸಿ ತೋರಿಸುವುದೇ ಆ ಸೆಳೆತ ಅಂತ. ಸಿನಿಮಾದ ಹುಡುಗ ಆರು ತಿಂಗಳು ಹಿಮಾಲಯಕ್ಕೆ ಹೋಗಲಿ, ಹೆಗಲಿಗೆ ಒಂದೇ ಚೀಲ. ನಾವು ಎರಡು ದಿನ ಹೊರನಾಡಿಗೆ ಹೋಗುವುದಕ್ಕೆ ಏಳು ಬ್ಯಾಗು, ಒಂದು ಫ್ಲಾಸ್ಕು, ಚಿತ್ರಾನ್ನದ ಡಬ್ಬಿ, ವಾಂತಿಗೆಂದು ಪ್ಲಾಸ್ಟಿಕ್ ಕವರು, ಮೂಸಿ ನೋಡಲು ನಿಂಬೆಹಣ್ಣು, ಎಲ್ಲದರ ಮೇಲೆ ಅತ್ತೆಯವರ “ಗ್ಯಾಸು ಆಫ್ ಮಾಡಿದಿರಾ?” ಎಂಬ ಪ್ರಶ್ನೆ. ತೆರೆಯ ಮೇಲೆ ತೆರೆದ ಜೀಪಿನಲ್ಲಿ ಹೋಗುವ ನಾಯಕಿಯ ಕೂದಲು ಹಾರುತ್ತದೆ, ಸಿಕ್ಕಾಗುವುದಿಲ್ಲ. ನಮ್ಮವಳು ಕಿಟಕಿ ತೆರೆದು ಕೂತಳೆಂದರೆ ಇಳಿಯುವ ಹೊತ್ತಿಗೆ ತಲೆ ತೆಂಗಿನ ನಾರಿನಂತಾಗಿರುತ್ತದೆ. ಈ ಹೋಲಿಕೆಯನ್ನು ನಾನು ಒಮ್ಮೆ ಬಾಯಿಬಿಟ್ಟು ಹೇಳಿ, ಆ ಪ್ರಯಾಣದ ಉಳಿದ ಅರ್ಧವನ್ನು ಡ್ರೈವರಿನ ಪಕ್ಕ ಕೂತು ಮುಗಿಸಿದ್ದೇನೆ.

ಆದರೆ ಈ ವಾದ ನಿಲ್ಲಲಿಲ್ಲ. ಯಾಕೆಂದರೆ ರಗಳೆಗಳನ್ನು ಎತ್ತಿ ತೋರಿಸುವ ಚಿತ್ರಗಳೇ ನಮಗೆ ಹೆಚ್ಚು ಇಷ್ಟ. ಮೆಹಮೂದ್ ಕಂಡಕ್ಟರಾದ ‘ಬಾಂಬೆ ಟು ಗೋವಾ’ದಲ್ಲಿ (1972) ಪಕೋಡ ಕಂಡರೆ ಹುಚ್ಚಾಗುವ ಹುಡುಗನಿಲ್ಲದಿದ್ದರೆ ಆ ಬಸ್ಸಿಗೆ ಏನು ಕಳೆ? ಆ ಬಸ್ಸಿನ ಡ್ರೈವರ್ ಹೆಸರು ರಾಜೇಶ್, ಕಂಡಕ್ಟರ್ ಹೆಸರು ಖನ್ನಾ. ಅಮಿತಾಭ್ ಬಚ್ಚನ್ ಇನ್ನೂ ಹೆಸರು ಮಾಡಿರದ ಕಾಲ. ಹೀರೋ ಸೀಟಿನಲ್ಲಿ ಅವರು ಕೂತಿದ್ದರೂ ಬಸ್ಸು ಓಡಿಸುತ್ತಿದ್ದದ್ದು ಆಗಿನ ಸೂಪರ್‌ಸ್ಟಾರಿನ ಹೆಸರು! ಅದೇ ಅಮಿತಾಭ್ ನಲವತ್ತಮೂರು ವರ್ಷ ಕಳೆದು ‘ಪೀಕು’ (2015) ಚಿತ್ರದಲ್ಲಿ ದೆಹಲಿಯಿಂದ ಕೋಲ್ಕತ್ತಾಕ್ಕೆ ಕಾರಿನಲ್ಲಿ ಹೊರಟರು. ಈ ಸಲ ತಲೆಯ ಮೇಲೆ ಕಮೋಡಿನ ಕುರ್ಚಿ, ಹೊಟ್ಟೆಯಲ್ಲಿ ಮಲಬದ್ಧತೆ. ಆ ಚಿತ್ರ ನೋಡುವಾಗ ನಾವೆಲ್ಲ ನಗುತ್ತಿದ್ದೆವು, ಮಾವನವರು ನಗಲಿಲ್ಲ. ಮುಗಿದ ಮೇಲೆ, “ಆ ಕುರ್ಚಿ ಎಲ್ಲಿ ಸಿಗುತ್ತೆ ವಿಚಾರಿಸಿ” ಅಂದರು.

ಹಾಗಾದರೆ ಸೆಳೆತ ಎಲ್ಲಿದೆ? ನನಗೆ ತೋಚಿದ ಉತ್ತರ ಇದು: ಮನೆಯಲ್ಲಿ ಎದ್ದು ಹೋಗಬಹುದು, ಗಾಡಿಯಲ್ಲಿ ಎದ್ದು ಹೋಗಲಾಗುವುದಿಲ್ಲ.

ಮನೆಯಲ್ಲಿ ಜಗಳವಾದರೆ ಒಬ್ಬರು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ, ಇನ್ನೊಬ್ಬರು ತರಕಾರಿ ತರುವ ನೆಪದಲ್ಲಿ ಹೊರಡುತ್ತಾರೆ, ಮಕ್ಕಳು ಮೊಬೈಲಿನೊಳಗೆ ಇಳಿಯುತ್ತಾರೆ. ಅರವತ್ತು ಮೈಲಿ ವೇಗದಲ್ಲಿ ಹೋಗುವ ಗಾಡಿಯಲ್ಲಿ ಯಾವ ಬಾಗಿಲು ಹಾಕುತ್ತೀರಿ? ಮಾತಾಡಲೇಬೇಕು, ಇಲ್ಲವೇ ಪಕ್ಕದವರ ಮೊಣಕೈ ಸಹಿಸಲೇಬೇಕು. ಫ್ರಾಂಕ್ ಕಾಪ್ರಾ ಇದನ್ನು 1934ರಲ್ಲೇ ಕಂಡುಕೊಂಡ. ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರದಲ್ಲಿ ಅಪ್ಪನ ಮೇಲೆ ಮುನಿದು ಓಡಿಹೋಗುವ ಶ್ರೀಮಂತರ ಮಗಳನ್ನೂ ಕೆಲಸ ಕಳೆದುಕೊಂಡ ಪತ್ರಕರ್ತನನ್ನೂ ಒಂದೇ ಬಸ್ಸಿಗೆ ಹತ್ತಿಸಿದ. ರಾತ್ರಿ ಒಂದೇ ಕೋಣೆಯಲ್ಲಿ ಉಳಿಯಬೇಕಾದಾಗ ಇಬ್ಬರ ಹಾಸಿಗೆಯ ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಟ್ಟ. ಕಥೆ ಮುಗಿಯುವುದು ಆ ಕಂಬಳಿ ಬಿದ್ದಾಗ. ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕಥೆ, ಹೀಗೆ ಐದು ದೊಡ್ಡ ಆಸ್ಕರ್‌ಗಳೂ ಆ ಬಸ್ಸು ಹತ್ತಿದವು. ಆಮೇಲೆ ಆ ಬಸ್ಸು ನಮ್ಮ ದೇಶಕ್ಕೂ ಬಂತು. ‘ಚೋರಿ ಚೋರಿ’ (1956) ಆಯಿತು, ‘ದಿಲ್ ಹೈ ಕೆ ಮಾನ್ತಾ ನಹೀಂ’ (1991) ಆಯಿತು, ನಮ್ಮ ಗಣೇಶ್ ಅವರ ‘ಹುಡುಗಾಟ’ (2007) ಆಯಿತು. ಎಪ್ಪತ್ತಮೂರು ವರ್ಷ ಓಡಿದರೂ ಎಂಜಿನ್ನು ಕೆಡದ ಬಸ್ಸು ಬೇರೊಂದಿಲ್ಲ.

ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ ‘ವೈಲ್ಡ್ ಸ್ಟ್ರಾಬೆರೀಸ್’ (1957) ಚಿತ್ರದಲ್ಲಿ ಮುದುಕ ಡಾಕ್ಟರೊಬ್ಬರನ್ನು ಗೌರವ ಸ್ವೀಕರಿಸಲು ಸ್ಟಾಕ್‌ಹೋಮಿನಿಂದ ಲುಂಡ್ ಪಟ್ಟಣಕ್ಕೆ ಕಾರಿನಲ್ಲಿ ಕಳಿಸುತ್ತಾನೆ. ಪಕ್ಕದ ಸೀಟಿನಲ್ಲಿ ಸೊಸೆ. ಊರು ದಾಟುತ್ತಿದ್ದಂತೆ ಆಕೆ, ನೀವು ಎಷ್ಟು ಸ್ವಾರ್ಥಿ ಅಂತ ನಿಮಗೆ ಗೊತ್ತಿದೆಯಾ ಎಂಬರ್ಥದಲ್ಲಿ ಶುರು ಹಚ್ಚುತ್ತಾಳೆ. ಮನೆಯಲ್ಲಾಗಿದ್ದರೆ ಮಾವ ಎದ್ದು ಪೇಪರು ಓದಲು ಹೋಗುತ್ತಿದ್ದ. ಇಲ್ಲಿ ಎದುರಿಗೆ ಬರೀ ರಸ್ತೆ. ದಾರಿಯಲ್ಲಿ ಹತ್ತಿಸಿಕೊಂಡ ಗಂಡ-ಹೆಂಡತಿ ಕಾರಿನೊಳಗೇ ಕಚ್ಚಾಡತೊಡಗಿದಾಗ ಆ ಸೊಸೆ ಕಾರು ನಿಲ್ಲಿಸಿ ಇಬ್ಬರನ್ನೂ ಕೆಳಗಿಳಿಸುತ್ತಾಳೆ. ಆ ದೃಶ್ಯಕ್ಕೆ ನಮ್ಮವಳು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ನಮ್ಮ ಕನ್ನಡದವರು ಇದರಲ್ಲಿ ಕಡಿಮೆಯೇನಲ್ಲ. ಡಿ. ಸತ್ಯಪ್ರಕಾಶ್ ಅವರ ‘ರಾಮಾ ರಾಮಾ ರೇ’ (2016) ನೋಡಿ. ಗಲ್ಲುಶಿಕ್ಷೆಯಾದ ಕೈದಿಯೊಬ್ಬ ಜೈಲಿನಿಂದ ತಪ್ಪಿಸಿಕೊಂಡು ಉತ್ತರ ಕರ್ನಾಟಕದ ಬಯಲಿನಲ್ಲಿ ಒಂದು ಜೀಪು ಹತ್ತುತ್ತಾನೆ. ಜೀಪು ಓಡಿಸುತ್ತಿರುವ ಮುದುಕ ಹೊರಟಿರುವುದು ಗಲ್ಲಿಗೇರಿಸುವ ಕೆಲಸಕ್ಕೇ! ಕೊಲ್ಲಬೇಕಾದವನೂ ಸಾಯಬೇಕಾದವನೂ ಒಂದೇ ಜೀಪಿನ ಅಕ್ಕಪಕ್ಕದ ಸೀಟಿನಲ್ಲಿ. ಇದಕ್ಕಿಂತ ಇಕ್ಕಟ್ಟು ಇನ್ನೇನು ಬೇಕು? ‘777 ಚಾರ್ಲಿ’ಯಲ್ಲಿ (2022) ಪಕ್ಕದ ಸೀಟಿಗೆ ನಾಯಿಯೇ ಬಂತು. ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಧರ್ಮ, ಸಾಯುತ್ತಿರುವ ಚಾರ್ಲಿಗೆ ಹಿಮ ತೋರಿಸಬೇಕೆಂದು ಬೈಕಿನ ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಮೈಸೂರಿನಿಂದ ಹಿಮಾಲಯಕ್ಕೆ ಹೊರಡುತ್ತಾನೆ. ಬೀದಿನಾಯಿ ಗೇಟಿನ ಹತ್ತಿರ ಸುಳಿದರೆ ಚೊಂಬು ಎತ್ತುವ ನಮ್ಮ ಮಾವನವರು ಅವತ್ತು ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡು, “ಒಳಗೆ ಈರುಳ್ಳಿ ಹೆಚ್ಚುತ್ತಿದ್ದಾಳಾ ಅವಳು?” ಅಂದರು. ಅವಳು ಅವರ ಪಕ್ಕದಲ್ಲೇ ಕೂತು ಅಳುತ್ತಿದ್ದಳು.

ಎಲ್ಲಿಗೆ ಹೋಗುತ್ತಾರೆ ಎಂಬುದು ಈ ಚಿತ್ರಗಳಲ್ಲಿ ಅಂಥ ದೊಡ್ಡ ವಿಷಯವೇ ಅಲ್ಲ. ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ (2015) ಚಿತ್ರದಲ್ಲಿ ಒಂದು ಗುಂಪು ಮರುಭೂಮಿಯಲ್ಲಿ ಸಾವಿರ ಸಾಹಸ ಮಾಡಿ ಒಂದು ಕಡೆ ಹೋಗಿ ಮುಟ್ಟುತ್ತದೆ. ಅಲ್ಲಿ ಏನೂ ಇಲ್ಲ ಎಂದು ತಿಳಿದು, ಗಾಡಿ ತಿರುಗಿಸಿ ಬಂದ ದಾರಿಯಲ್ಲೇ ವಾಪಸ್ಸು ಬರುತ್ತದೆ. ಇಷ್ಟಕ್ಕೆ ಆರು ಆಸ್ಕರ್! “ರೀ, ನೀವೂ ಮೊಸರು ಮರೆತು ಅಂಗಡಿಗೆ ಎರಡೆರಡು ಸಲ ಹೋಗಿ ಬರ್ತೀರ, ಒಂದು ಶಾಲು ಹೊದಿಸಿದವರಿಲ್ಲ” ಎಂದು ನಮ್ಮವಳು ಕನಿಕರಪಟ್ಟಳು.

ನಾನು ಕಾಲೇಜಿನಲ್ಲಿದ್ದಾಗ ರಾತ್ರಿ ಬಸ್ಸುಗಳಲ್ಲಿ ‘ವಿಡಿಯೋ ಕೋಚ್’ ಎಂಬ ವೈಭವ ಇತ್ತು. ಡ್ರೈವರಿನ ತಲೆಯ ಹಿಂದೆ ಒಂದು ಟೀವಿ. ನೆಲಮಂಗಲ ದಾಟುತ್ತಿದ್ದಂತೆ ಕ್ಲೀನರು ಕ್ಯಾಸೆಟ್ಟು ತುರುಕುತ್ತಿದ್ದ. ಹಾಕುತ್ತಿದ್ದದ್ದೆಲ್ಲ ಅತ್ತೆ-ಸೊಸೆ, ಅಣ್ಣ-ತಂಗಿ, ತುಳಸಿಕಟ್ಟೆ, ನಡುಮನೆಯ ಮೆಟ್ಟಿಲು. ಹೊರಗೆ ಬೆಳದಿಂಗಳಲ್ಲಿ ಊರು, ಕೆರೆ, ತೋಟ ಹಾದುಹೋಗುತ್ತಿದ್ದರೆ ನಾವು ಕಿಟಕಿಯ ಪರದೆ ಎಳೆದುಕೊಂಡು ನಡುಮನೆ ನೋಡುತ್ತಿದ್ದೆವು. ಈಗ ನಡುಮನೆಯಲ್ಲಿ ಕೂತು, ಕಿಟಕಿಯ ಪರದೆ ಎಳೆದುಕೊಂಡು, ಬಸ್ಸಿನ ಸಿನಿಮಾ ನೋಡುತ್ತೇವೆ. ಒಟ್ಟಿನಲ್ಲಿ ಇರುವ ಜಾಗದಲ್ಲಿ ಇರಬಾರದು, ಅಷ್ಟೇ ನಮ್ಮ ಹಟ. ಆ ವಿಡಿಯೋ ಕೋಚಿನಲ್ಲಿ ಒಂದು ಚಿತ್ರದ ಕ್ಲೈಮ್ಯಾಕ್ಸನ್ನೂ ನಾನು ನೋಡಲಿಲ್ಲ. ಅಣ್ಣ ತಂಗಿಯನ್ನು ಕ್ಷಮಿಸುವ ಹೊತ್ತಿಗೆ ಸರಿಯಾಗಿ “ಲೈಟ್ ಆಫ್ ಮಾಡ್ರೀ, ನಿದ್ದೆ ಮಾಡಬೇಕು” ಎಂದು ಹಿಂದಿನಿಂದ ಯಾರೋ ಕೂಗುತ್ತಿದ್ದರು. ಎಷ್ಟು ಸಂಸಾರಗಳು ಹಾಗೆ ಒಂದಾಗದೆ ಉಳಿದುಹೋದವೋ.

ಒಂದಾಗದ ಸಂಸಾರ ಎಂದಾಗ ನಮ್ಮ ಮಾವನವರ ವಿಷಯಕ್ಕೇ ಬರಬೇಕು. ಅವರಿಗೆ ಒಬ್ಬ ತಮ್ಮ. ನಮ್ಮವಳಿಗೆ ಚಿಕ್ಕಪ್ಪ. ಇಬ್ಬರೂ ತಿಪಟೂರಿನಲ್ಲೇ ಇರುವುದು, ಮನೆಯಿಂದ ಮನೆಗೆ ಎರಡು ಕಿಲೋಮೀಟರು. ಹನ್ನೆರಡು ವರ್ಷದಿಂದ ಮಾತಿಲ್ಲ. ಕಾರಣ, ಹಿಸ್ಸೆಯಾದ ತೋಟದ ಬದುವಿನ ಮೇಲೆ ನಿಂತಿರುವ ಒಂದು ಹಲಸಿನ ಮರ. ಬೇರು ಅಣ್ಣನ ಕಡೆ, ಕೊಂಬೆ ತಮ್ಮನ ಕಡೆ. ಹಣ್ಣು ಮಂಗಗಳ ಪಾಲು.

ಒಂದು ಭಾನುವಾರ ನಾನು ಬೇಕೆಂದೇ ಡೇವಿಡ್ ಲಿಂಚ್ ಅವರ ‘ದಿ ಸ್ಟ್ರೈಟ್ ಸ್ಟೋರಿ’ (1999) ಹಾಕಿದೆ. ನಡೆದ ಕಥೆಯನ್ನೇ ಇಟ್ಟುಕೊಂಡು ಮಾಡಿದ ಚಿತ್ರ. ಅಮೆರಿಕದ ಅಯೋವಾ ರಾಜ್ಯದ ಆಲ್ವಿನ್ ಸ್ಟ್ರೈಟ್ ಎಂಬ ಎಪ್ಪತ್ತಮೂರರ ಮುದುಕನಿಗೆ ಕಣ್ಣು ಮಂಜು, ಸೊಂಟ ಸೋತಿದೆ, ಕಾರು ಓಡಿಸಲು ಲೈಸೆನ್ಸಿಲ್ಲ. ಬಹುಕಾಲದಿಂದ ಮಾತು ಬಿಟ್ಟ ಅಣ್ಣನಿಗೆ ಪಾರ್ಶ್ವವಾಯು ಬಡಿದಿದೆ ಎಂದು ಸುದ್ದಿ ಬರುತ್ತದೆ. ಈತ ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕೂತು, ಹಿಂದೆ ಒಂದು ಗಾಡಿ ಕಟ್ಟಿಕೊಂಡು, ವಿಸ್ಕಾನ್ಸಿನ್ ರಾಜ್ಯದ ಅಣ್ಣನ ಮನೆಗೆ ಹೊರಡುತ್ತಾನೆ. ಇದು ನಿಜವಾಗಿ ನಡೆದದ್ದು 1994ರಲ್ಲಿ. ದೂರ ಸುಮಾರು 386 ಕಿಲೋಮೀಟರು, ವೇಗ ಗಂಟೆಗೆ ಎಂಟು, ಹಿಡಿದ ಕಾಲ ಆರು ವಾರ. ಕೊನೆಗೆ ಅಣ್ಣ ತಮ್ಮ ಜಗಲಿಯ ಮೇಲೆ ಕೂರುತ್ತಾರೆ. ಹೆಚ್ಚು ಮಾತಿಲ್ಲ.

ಮಾವನವರೂ ಹೆಚ್ಚು ಮಾತಾಡಲಿಲ್ಲ. ನಾನು ಮಾತ್ರ ಬಾಯಿ ಸುಮ್ಮನಿರದೆ ಲೆಕ್ಕ ಹಾಕಿದೆ. “ಮಾವಾ, ಅದೇ ಯಂತ್ರದಲ್ಲಿ ಹೊರಟರೆ ಚಿಕ್ಕಪ್ಪನ ಮನೆಗೆ ಹದಿನೈದೇ ನಿಮಿಷ.” ಅವರು ನನ್ನನ್ನು ನೋಡಿ, “ಆ ದೇಶದಲ್ಲಿ ಹಲಸಿನ ಮರ ಇಲ್ಲ ಅಳಿಯಂದ್ರೇ” ಅಂದು ಟವೆಲ್ಲು ಕೊಡವಿ ಎದ್ದುಹೋದರು. ಹೇಳಿದೆನಲ್ಲ, ಮನೆಯಲ್ಲಿ ಎದ್ದು ಹೋಗಬಹುದು.

ಕೆಲವು ತಿಂಗಳಿಗೆ ಮನೆತನದವರೆಲ್ಲ ಸೇರಿ ಧರ್ಮಸ್ಥಳಕ್ಕೆ ಹೋಗುವ ಹರಕೆ ಬಂತು. ಒಂದು ಟೆಂಪೋ ಟ್ರಾವೆಲರ್ ಬಾಡಿಗೆಗೆ ಹಿಡಿದೆವು. ಚಿಕ್ಕಪ್ಪ ತಡವಾಗಿ ಬಂದರು. ಉಳಿದಿದ್ದದ್ದು ಒಂದೇ ಸೀಟು. ಅದು ಅಣ್ಣನ ಪಕ್ಕ. ಅದರ ಮೇಲೆ ಅಣ್ಣನ ಟವೆಲ್ಲು. ಗಾಡಿಯಲ್ಲಿದ್ದ ಹನ್ನೆರಡು ಜನರೂ ಕಿಟಕಿಯಿಂದಾಚೆ ನೋಡತೊಡಗಿದೆವು. ಮಾವನವರು ಟವೆಲ್ಲು ತೆಗೆದು ತೊಡೆಯ ಮೇಲೆ ಹಾಕಿಕೊಂಡರು. ಹಾಸನ ಬಂತು, ಮಾತಿಲ್ಲ. ಸಕಲೇಶಪುರ ಬಂತು, ಮಾತಿಲ್ಲ. ಘಾಟಿ ಇಳಿಯುವ ಮೊದಲೇ ಬಾನೆಟ್ಟಿನಿಂದ ಹೊಗೆ ಬಂದು ಗಾಡಿ ನಿಂತಿತು.

‘ಲಿಟಲ್ ಮಿಸ್ ಸನ್‌ಶೈನ್’ (2006) ಎಂಬ ಚಿತ್ರ ನೆನಪಾಯಿತು. ಒಬ್ಬರಿಗೊಬ್ಬರು ಆಗದ ಕುಟುಂಬವೊಂದು ಹಳದಿ ಬಣ್ಣದ ಹಳೇ ವ್ಯಾನಿನಲ್ಲಿ ಮಗಳನ್ನು ಸೌಂದರ್ಯ ಸ್ಪರ್ಧೆಗೆ ಕರೆದೊಯ್ಯುತ್ತದೆ. ಕ್ಲಚ್ಚು ಹೋಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಸಲವೂ ಮನೆಮಂದಿಯೆಲ್ಲ ತಳ್ಳಬೇಕು, ಗಾಡಿ ಓಡತೊಡಗಿದ ಮೇಲೆ ಒಬ್ಬೊಬ್ಬರೇ ಓಡಿ ಹಾರಿ ಒಳಗೆ ಸೇರಬೇಕು. ಮನೆಯಲ್ಲಿ ಒಟ್ಟಿಗೆ ಊಟಕ್ಕೆ ಕೂತರೂ ಆಗದ ಕೆಲಸವನ್ನು ಆ ಕ್ಲಚ್ಚು ಮಾಡಿತು. ನಮ್ಮ ಗಾಡಿಯ ಬಳಿ ನಿಂತು ನಾನೂ ಕಾದೆ. ಈಗ ಪಿಟೀಲು ಮೊಳಗಬೇಕು, ಅಣ್ಣ ತಮ್ಮನ ಹೆಗಲ ಮೇಲೆ ಕೈ ಹಾಕಬೇಕು.

ಪಿಟೀಲಿನ ಬದಲು ಜಿಟಿಜಿಟಿ ಮಳೆ ಬಂತು. ಜೊತೆಗೆ ಜಿಗಣೆ. ಡ್ರೈವರು “ಬೆಲ್ಟು ಹೋಗಿದೆ” ಎಂದು ಲಾರಿ ಹತ್ತಿ ಸಕಲೇಶಪುರಕ್ಕೆ ವಾಪಸ್ಸು ಹೋದ. ಹತ್ತು ನಿಮಿಷ ನಿಶ್ಶಬ್ದ.

“ಬೆಲ್ಟಲ್ಲ, ರೇಡಿಯೇಟರು” ಎಂದರು ಮಾವನವರು, ಗಾಜಿಗೆ ಹೇಳುವಂತೆ.

“ರೇಡಿಯೇಟರಾಗಿದ್ದರೆ ನೀರು ಸೋರೋದು” ಎಂದರು ಚಿಕ್ಕಪ್ಪ, ಎದುರು ಸೀಟಿನ ಬೆನ್ನಿಗೆ.

“ಎಂಜಿನ್ ವಿಷಯ ನಿಂಗೇನೋ ಗೊತ್ತು? 78ರಲ್ಲಿ ನನ್ನ ಸೈಕಲ್ ಚೈನು ಕಿತ್ತು ತಂದವನು!”

“ಆ ಸೈಕಲ್ ಅಪ್ಪ ನನಗೆ ಕೊಡಿಸಿದ್ದು, ಅಣ್ಣಯ್ಯ!”

ಹನ್ನೆರಡು ವರ್ಷದ ಮೇಲೆ ಬಂದ ಮೊದಲ ಮಾತು ಹೀಗೆ ಬೆಲ್ಟಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಅಪ್ಪನಿಗೆ, ಅಪ್ಪನಿಂದ ತೋಟಕ್ಕೆ, ತೋಟದಿಂದ ಹಲಸಿನ ಮರಕ್ಕೆ ಬಂತು. ಮೂರು ಗಂಟೆ ಎಡೆಬಿಡದ ಜಗಳ. ನಡುವೆ ಅತ್ತೆಯವರು ಕೋಡುಬಳೆಯ ಡಬ್ಬಿ ಮುಂದೆ ಮಾಡಿದರು. ಇಬ್ಬರೂ ಬೈಯುತ್ತಲೇ ಒಂದೇ ಡಬ್ಬಿಗೆ ಕೈ ಹಾಕಿ ಅಷ್ಟೂ ಕೋಡುಬಳೆ ಮುಗಿಸಿದರು. ಡ್ರೈವರು ಹೊಸ ಬೆಲ್ಟಿನೊಂದಿಗೆ ಬಂದಾಗ, “ಎಷ್ಟು ಬೇಗ ಬಂದ್ಬಿಟ್ಟೆಯಲ್ಲಯ್ಯ” ಎಂದು ಮಾವನವರು ಅವನನ್ನೇ ಗದರಿದರು.

ಸಿನಿಮಾ ಆಗಿದ್ದರೆ ಇಲ್ಲಿಗೆ ‘ಶುಭಂ’. ನಮ್ಮದು ಸಿನಿಮಾ ಅಲ್ಲ. ಊರಿಗೆ ಮರಳಿದ ಮೇಲೆ ಇಬ್ಬರೂ ತಮ್ಮ ತಮ್ಮ ಮನೆಯ ಬಾಗಿಲು ಹಾಕಿಕೊಂಡರು. ಮಾತು ಮತ್ತೆ ನಿಂತಿತು. ಹಲಸಿನ ಹಣ್ಣು ಈಗಲೂ ಮಂಗಗಳದ್ದೇ.

ಆದರೆ ಮೊನ್ನೆ ಭಾನುವಾರ ನಾಲ್ಕಕ್ಕೆ ನಾನು ರಿಮೋಟು ಎತ್ತಿಕೊಂಡಾಗ ಮಾವನವರು ಕೈ ಅಡ್ಡ ಹಿಡಿದರು. ಸ್ವಲ್ಪ ಹೊತ್ತು ಟವೆಲ್ಲಿನ ಅಂಚು ಸರಿಮಾಡಿದರು.

“ಅಳಿಯಂದ್ರೇ, ಮುಂದಿನ ತಿಂಗಳು ಎಲ್ಲರೂ ಶೃಂಗೇರಿಗೆ ಹೋಗಿ ಬರೋಣವಾ? ಅವನಿಗೂ ಹೇಳಿ, ನಾನು ಹೇಳಿದೆ ಅನ್ನಬೇಡಿ.”

“ಆಗಲಿ ಮಾವಾ. ಈ ಸಲ ಹೊಸ ಗಾಡಿ ನೋಡ್ತೀನಿ, ಏಸಿ ಇರೋದು.”

“ಹೊಸದೆಲ್ಲ ಯಾಕೆ?” ಎಂದರು ಅವರು, ಟೀವಿಯ ಕಪ್ಪು ಪರದೆಯನ್ನೇ ನೋಡುತ್ತ. “ಆವತ್ತಿನ ಗಾಡಿಯೇ ಇದ್ದರೆ ಕೇಳಿ.”